ಕೊಬ್ಬು ಬಾರಿಸುವ ಗಂಟೆ



ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರ ಮೊಮ್ಮಕ್ಕಳು ನಿಮ್ಮಲ್ಲಿ ಇದ್ದರೆ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ ಆ ಗಣಿಗಳಲ್ಲಿ, ಸುಡುವ ಬಂಡೆಗಳ ನಡುವೆ ಒಂದು ಪಾಳಿ ದುಡಿದರೆ ತಿಂದ ಅನ್ನವೆಲ್ಲ ಬೆವರಾಗಿ ಹೋಗುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಅದೇ ಊರಿನ ಎಷ್ಟೋ ಮಂದಿ ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ರೈಲು ಹತ್ತಿ ಬೆಂಗಳೂರಿಗೆ ಬರುತ್ತಾರೆ. ಅವರಲ್ಲಿ ಹಲವರದು ದಿನವಿಡೀ ಕುಳಿತು ಮಾಡುವ ಕೆಲಸ. ಒಂದೆರಡು ತಲೆಮಾರಿನಲ್ಲಿ ದುಡಿಮೆ ಬದಲಾಯಿತು, ದೇಹ ಬದಲಾಗಲಿಲ್ಲ. ಕೆಲವರಿಗೆ ಬೊಜ್ಜು ಬರುತ್ತದೆ, ಕೆಲವರಿಗೆ ಇಲ್ಲ. ಬಂದವರನ್ನು ನಾವು ತಿಂಡಿಪೋತರೆಂದು ನಗುತ್ತೇವೆ. ಇದು ನ್ಯಾಯವೇ?

ಕೊಬ್ಬನ್ನು ಬಹುಕಾಲ ಬರಿಯ ಉಗ್ರಾಣವೆಂದೇ ತಿಳಿಯಲಾಗಿತ್ತು. 1 ಗ್ರಾಂ ಪಿಷ್ಟದಲ್ಲಿ ಸುಮಾರು 4 ಕಿಲೋಕ್ಯಾಲೊರಿ ಶಕ್ತಿಯಿದ್ದರೆ 1 ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಇದೆ. ಆದರೆ ಉಗ್ರಾಣ ತುಂಬಿದೆಯೋ ಬರಿದಾಗಿದೆಯೋ ಎಂದು ಮಿದುಳಿಗೆ ತಿಳಿಸುವವರು ಯಾರು?

1949ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ, ಎಷ್ಟು ತಿಂದರೂ ತೃಪ್ತಿಯಿಲ್ಲದೆ ಊದಿಕೊಳ್ಳುವ ಇಲಿಗಳ ತಳಿಯೊಂದು ಕಾಣಿಸಿತು. ಮುಂದೆ ಅಂಥದೇ ಇನ್ನೊಂದು ತಳಿಯೂ ದೊರೆಯಿತು. ಅಲ್ಲಿನ ವಿಜ್ಞಾನಿ ಡಗ್ಲಸ್ ಕೋಲ್ಮನ್, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಇಲಿಗಳನ್ನು ಜೋಡಿಯಾಗಿ ಹೊಲಿದರು. ಸಾಮಾನ್ಯ ಇಲಿಯೊಡನೆ ಸೇರಿದಾಗ ಮೊದಲ ತಳಿಯ ಇಲಿ ತಿನ್ನುವುದನ್ನು ಕಡಿಮೆ ಮಾಡಿತು. ಎರಡನೆಯ ತಳಿಯದು ಮಾತ್ರ ಬದಲಾಗಲಿಲ್ಲ. ಅದರ ಜೊತೆಗಿದ್ದ ಇಲಿಯೇ ಆಹಾರ ಬಿಟ್ಟು ಸತ್ತಿತು.

ಇದರ ಅರ್ಥವೇನು? ಗಣಿಯ ತಳದಿಂದ ಗಂಟೆಯ ಸೂಚನೆ ಬಂದರೆ ಮೇಲಿನ ಯಂತ್ರಚಾಲಕ ಕೇಜನ್ನು ಎತ್ತುತ್ತಿದ್ದ. ಮೊದಲ ಇಲಿಯಲ್ಲಿ ಗಂಟೆಯೇ ಇಲ್ಲ. ಎರಡನೆಯದರಲ್ಲಿ ಗಂಟೆ ಬಾರಿಸುತ್ತಲೇ ಇದೆ, ಚಾಲಕನಿಗೆ ಕೇಳಿಸದು.

ಆ ಗಂಟೆ ಸಿಕ್ಕಿದ್ದು 1994ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್‌ಮನ್ ತಂಡ ಅದರ ಜೀನನ್ನು ಪತ್ತೆ ಮಾಡಿತು. ಕೊಬ್ಬಿನ ಕೋಶವೇ ತಯಾರಿಸಿ ರಕ್ತಕ್ಕೆ ಬಿಡುವ ಈ ಪ್ರೋಟೀನಿಗೆ, ತೆಳ್ಳಗೆ ಎಂಬರ್ಥದ ಗ್ರೀಕ್ ಪದದಿಂದ ಲೆಪ್ಟಿನ್ ಎಂಬ ಹೆಸರು ಬಂತು. 1997ರಲ್ಲಿ ಇಂಗ್ಲೆಂಡಿನ ವೈದ್ಯರು ಲೆಪ್ಟಿನ್ ಇಲ್ಲದೆ ಹುಟ್ಟಿದ ಇಬ್ಬರು ಮಕ್ಕಳ ವಿಷಯ ಪ್ರಕಟಿಸಿದರು. 8 ವರ್ಷದ ಹುಡುಗಿಯ ತೂಕ 86 ಕಿಲೋ! ಲೆಪ್ಟಿನ್ ಚುಚ್ಚುಮದ್ದು ಕೊಟ್ಟ ಮೇಲೆ ಆಕೆಯ ಹಸಿವು ತಗ್ಗಿತು, ತೂಕ ಇಳಿಯಿತು. ಆ ಮಗುವಿನಲ್ಲಿ ಕೊರತೆಯಿದ್ದದ್ದು ಸಂಯಮದ್ದಲ್ಲ, ಒಂದು ಪ್ರೋಟೀನಿನದು.

ಹಾಗಾದರೆ ಎಲ್ಲರಿಗೂ ಇದೇ ಮದ್ದು ಸಾಕಲ್ಲ ಎನ್ನುವಿರಾ? ಸಾಲದು. ಬೊಜ್ಜಿರುವ ಬಹುಪಾಲು ಜನರಲ್ಲಿ ಲೆಪ್ಟಿನ್ ಕಡಿಮೆಯಲ್ಲ, ಹೆಚ್ಚೇ ಇರುತ್ತದೆ. ಮಿದುಳು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಆದರೆ ಊಟ ಬಿಟ್ಟು ಲೆಪ್ಟಿನ್ ಇಳಿದರೆ ಹಸಿವು ಕೆರಳುತ್ತದೆ. ಧಾತು, ಈಶ್ವರ ಸಂವತ್ಸರಗಳ ಬರವನ್ನು, ಅಂದರೆ 1876–78ರ ಕ್ಷಾಮವನ್ನು ಕಂಡ ನಮ್ಮ ನಾಡಿಗೆ ಇದರ ಬೆಲೆ ಗೊತ್ತು. ಈ ವ್ಯವಸ್ಥೆ ಸುಭಿಕ್ಷಕ್ಕಿಂತ ಬರಕ್ಕೇ ಹೆಚ್ಚು ಸಜ್ಜಾಗಿದೆ.

1995ರಲ್ಲಿ ಅಡಿಪೊನೆಕ್ಟಿನ್ ಎಂಬ ಮತ್ತೊಂದು ಪ್ರೋಟೀನು ವರದಿಯಾಯಿತು. ಇನ್ಸುಲಿನ್ ಕೆಲಸಕ್ಕೆ ನೆರವಾಗುವ ಇದು ಬೊಜ್ಜು ಹೆಚ್ಚಿದಂತೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಬೊಜ್ಜಿಗೂ ಮಧುಮೇಹಕ್ಕೂ ಇರುವ ನಂಟಿನಲ್ಲಿ ಇದರ ಪಾತ್ರವನ್ನು ವಿಜ್ಞಾನಿಗಳು ಇನ್ನೂ ಬಿಡಿಸುತ್ತಿದ್ದಾರೆ.

ತೆಳ್ಳಗಿರುವವರೂ ನಿಶ್ಚಿಂತರಾಗುವಂತಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುಗಳನ್ನು ಅಳೆದಾಗ, ಅವು ಇಂಗ್ಲೆಂಡಿನ ಶಿಶುಗಳಿಗಿಂತ ಚಿಕ್ಕವಾಗಿದ್ದರೂ ಬೆನ್ನಿನ ಮೇಲಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ಕಣ್ಣಿಗೆ ಕಾಣುವ ಮೈಕಟ್ಟು ಒಳಗಿನ ಲೆಕ್ಕವನ್ನೆಲ್ಲ ಹೇಳುವುದಿಲ್ಲ.

ಆದ್ದರಿಂದ ಮಿತ್ರರೇ, ನಡೆಯಿರಿ, ಆಡಿರಿ, ಹಿತಮಿತವಾಗಿ ಉಣ್ಣಿರಿ. ಪಾಳಿಯ ದುಡಿಮೆ ಹೋದ ಮೇಲೆ ಇದು ಇನ್ನಷ್ಟು ಅಗತ್ಯ. ಆದರೆ ಪಕ್ಕದ ಬೆಂಚಿನ ಗೆಳೆಯನನ್ನು ‘ಡುಮ್ಮ’ ಎಂದು ಕರೆಯುವ ಮೊದಲು, ಇಂಗ್ಲೆಂಡಿನ ಆ ಹುಡುಗಿಯನ್ನು ಒಮ್ಮೆ ನೆನೆದುಕೊಳ್ಳಿ.