ಟ್ಯಾಪೆಟ್ ಸದ್ದು
ಹುಣಸೂರು, ಪಿರಿಯಾಪಟ್ಟಣದ ಕಡೆ ಹಳೇ ಕಾಲದ ಎರಡು ಇಂಜಿನ್ ಸದ್ದು ಎಲ್ಲರಿಗೂ ಗೊತ್ತು. 1960ರ ದಶಕದಿಂದ ಮೈಸೂರಲ್ಲೇ ತಯಾರಾದ ಜಾವಾ ಟೂ ಸ್ಟ್ರೋಕ್. ಅದಕ್ಕೆ ವಾಲ್ವೇ ಇಲ್ಲ. ಅಂಬಾಸಿಡರ್ ಬೇರೆ ಕಥೆ. ಬಹುಕಾಲ ಅದರಲ್ಲಿದ್ದ 1489 ಸಿಸಿ ಇಂಜಿನ್ ಬ್ರಿಟನ್ನಿನ ಬಿಎಂಸಿ ವಿನ್ಯಾಸ. ಅದರ ರಾಕರಿಗೂ ವಾಲ್ವಿಗೂ ನಡುವೆ ಅರ್ಧ ಮಿಲಿಮೀಟರಿಗೂ ಕಡಿಮೆ ಗ್ಯಾಪ್ ಇರಬೇಕು. ಜಾಸ್ತಿಯಾದ್ರೆ ಟಕಟಕ.

ಒಂದು ಟ್ಯಾಪೆಟ್ ಸಡಿಲವಾಗಿದ್ರೆ ಕ್ರ್ಯಾಂಕಿನ ಎರಡು ಸುತ್ತಿಗೆ ಒಂದು ಟಕ್. ಯಾವುದು ಅಂತ ಹಿಡಿಯೋಕೆ ಇಂಜಿನ್ ಐಡಲ್‌ನಲ್ಲಿರುವಾಗಲೇ ಗ್ಯಾಪಿಗೆ ಫೀಲರ್ ಗೇಜ್ ತೂರಿಸ್ತಾರೆ; ಸದ್ದು ನಿಂತರೆ ಕಳ್ಳ ಸಿಕ್ಕ. ಹಾಗಂತ ಗ್ಯಾಪೇ ಇಲ್ಲದಂತೆ ಬಿಗಿ ಮಾಡಿದ್ರೆ, ಕಾದು ಹಿಗ್ಗಿದ ವಾಲ್ವ್ ಪೂರ್ತಿ ಮುಚ್ಚಲ್ಲ, ಸುಟ್ಟುಹೋಗುತ್ತೆ.

ಅಂಬಾಸಿಡರ್ ತಯಾರಿ 2014ರಲ್ಲಿ ನಿಂತಿತು. ಆಫೀಸಲ್ಲಿ ಕಿರಿಕಿರಿ ಅಂತ ಅಲರ್ಟ್ ಮ್ಯೂಟ್ ಮಾಡೋ ನಮಗೆ ಮಾತ್ರ ಆ ಗ್ಯಾಪಿನ ಪಾಠ ಇನ್ನೂ ಬೇಕು.