ಸವೆತವೋ, ಅರೆಬರೆ ಅಚ್ಚೋ: ಟಿಪ್ಪುವಿನ ಆನೆ ಪೈಸೆಗಳ ಛಾಯಾಚಿತ್ರವನ್ನು ಸಾಕ್ಷ್ಯವಾಗಿ ಓದುವ ಬಗೆ

ಟಿಪ್ಪು ಸುಲ್ತಾನನ ತಾಮ್ರದ ಆನೆ ಪೈಸೆಗಳ ಅಧ್ಯಯನದಲ್ಲಿ ಟಂಕಸಾಲೆ, ಮೌಲೂದಿ ವರ್ಷ, ಆನೆ ಮುಖಮಾಡಿರುವ ದಿಕ್ಕು ಇವುಗಳಿಗೆ ಸಿಕ್ಕಿರುವ ಗಮನ ನಾಣ್ಯದ ಸ್ಥಿತಿಗೆ ಸಿಕ್ಕಿಲ್ಲ. 1921ರಲ್ಲಿ ಪ್ರಕಟವಾದ ಜೆ. ಆರ್. ಹೆಂಡರ್ಸನ್ ಅವರ ಕೃತಿಯೂ ಮುಖ್ಯವಾಗಿ ವರ್ಗೀಕರಣದ ಕೃತಿಯೇ. ವರ್ಗೀಕರಣಕ್ಕೆ ಆನೆ ಆನೆಯಾಗಿ ಕಂಡರೆ, ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಲು ಬಂದರೆ ಸಾಕು. ಸ್ಥಿತಿಯ ಪ್ರಶ್ನೆ ಬೇರೆ. ಆನೆಯ ಭುಜ ಚಪ್ಪಟೆಯಾಗಿದೆ ಎಂದಿಟ್ಟುಕೊಳ್ಳೋಣ. ಅದು ಚಲಾವಣೆಯಲ್ಲಿ ಸವೆದದ್ದೋ ಅಥವಾ ಸುತ್ತಿಗೆಯ ಪೆಟ್ಟು ಸಾಲದೆ ಮೊದಲ ದಿನದಿಂದಲೇ ಮೂಡದೆ ಉಳಿದದ್ದೋ? ಮೊದಲನೆಯದು ನಾಣ್ಯದ ಓಡಾಟದ ಗುರುತು, ಎರಡನೆಯದು ಟಂಕಸಾಲೆಯ ಕೆಲಸದ ಗುರುತು. ಅರೆಬರೆ ಅಚ್ಚನ್ನು ಸವೆತವೆಂದು ಓದಿದರೆ, ನೆಲದಿಂದ ಸಿಕ್ಕ ನಿಧಿಯೊಂದು ಎಷ್ಟು ಕಾಲ ಚಲಾವಣೆಯಲ್ಲಿದ್ದ ಹಣ ಎಂಬ ಲೆಕ್ಕವೇ ತಪ್ಪುತ್ತದೆ. ಈ ಎರಡನ್ನು ಬೇರ್ಪಡಿಸಲು, ಬೆಳಕಿನ ದಿಕ್ಕೂ ಕೋನವೂ ದಾಖಲಾಗಿರುವ ಕನಿಷ್ಠ ಎರಡು ಚಿತ್ರಗಳು ಪ್ರತಿ ಮುಖಕ್ಕೂ ಬೇಕು ಎಂಬುದು ಇಲ್ಲಿನ ವಾದ.

ಟ್ರೇಸಿಂಗ್ ಪೇಪರಿನ ಮರೆಯಿಂದ ಎಲ್ಲ ಕಡೆಯಿಂದಲೂ ಸಮನಾಗಿ ಬೀಳುವ ಬೆಳಕು ನೋಡಲು ಹಿತ. ಫ್ಲಾಟ್‌ಬೆಡ್ ಸ್ಕ್ಯಾನರಿನ ಚಿತ್ರವೂ ಬಹುಮಟ್ಟಿಗೆ ಇದೇ ಜಾತಿಯದು. ಬಣ್ಣ, ಕಿಲುಬು, ಕಲೆ ಇವೆಲ್ಲ ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಮೇಲ್ಮೈಯ ಸಣ್ಣ ಏರಿಳಿತಗಳಿಗೆ ನೆರಳೇ ಬೀಳದ ಕಾರಣ ಸವೆದ ಭುಜವೂ ಮೂಡದ ಭುಜವೂ ಒಂದೇ ರೀತಿ ಬೋಳಾಗಿ ತೋರುತ್ತವೆ. ಅದೇ ನಾಣ್ಯಕ್ಕೆ ಒಂದೇ ಬದಿಯಿಂದ, ಮೇಲ್ಮೈಗೆ ಹದಿನೈದು ಇಪ್ಪತ್ತು ಡಿಗ್ರಿಯಷ್ಟು ತಗ್ಗಿನಲ್ಲಿ ಓರೆ ಬೆಳಕು ಬಿಟ್ಟರೆ ಚಿತ್ರ ಬದಲಾಗುತ್ತದೆ. ಪೆಟ್ಟು ಸಾಲದ ಕಡೆ ಅಚ್ಚಿಗೆ ಮುಂಚಿನ ತಾಮ್ರದ ಬಿಲ್ಲೆಯ ಒರಟು ಹಾಗೆಯೇ ಉಳಿದಿರುತ್ತದೆ: ಸಣ್ಣ ಗುಳಿ, ಗೀರು, ತರಿತರಿ. ಸವೆದ ಕಡೆ ಆ ಒರಟು ಇರುವುದಿಲ್ಲ. ಉಬ್ಬಿನ ಅಂಚುಗಳು ದುಂಡಗಾಗಿ, ನಯವಾಗಿ ಪಕ್ಕದ ಬಯಲಿಗೆ ಇಳಿಯುತ್ತವೆ. ಹುಣಸೆಹಣ್ಣು ಹಾಕಿ ತಿಕ್ಕಿ ಕೆಂಪಗೆ ಹೊಳೆಯಿಸಿದ ಪೈಸೆಯಲ್ಲಿ ಮಾತ್ರ ಈ ಪರೀಕ್ಷೆ ತೊಡಕಾಗುತ್ತದೆ, ಏಕೆಂದರೆ ತಿಕ್ಕಿದ ಗೀರುಗಳು ಬಿಲ್ಲೆಯ ಮೂಲ ಒರಟಿನಂತೆ ಕಾಣಬಹುದು. ತಿಕ್ಕಿದ ಗೀರು ಉಬ್ಬನ್ನೂ ಬಯಲನ್ನೂ ಲೆಕ್ಕಿಸದೆ ಹಾಯುತ್ತದೆ. ಬಿಲ್ಲೆಯ ಒರಟು ಅಚ್ಚು ಮೂಡಿದ ಗೆರೆ ಬಂದಲ್ಲಿ ನಿಂತುಬಿಡುತ್ತದೆ. ಬೆಳಕಿಗೆ ಸಮಾನಾಂತರವಾಗಿ ಹೋಗುವ ಗೀರು ಕಾಣಿಸದು, ಆದ್ದರಿಂದ ಎರಡನೆಯ ಚಿತ್ರಕ್ಕೆ ದೀಪವನ್ನು ತೊಂಬತ್ತು ಡಿಗ್ರಿ ತಿರುಗಿಸಲೇಬೇಕು.

ಇನ್ನೊಂದು ಸಾಕ್ಷ್ಯ ನಮ್ಮ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಕಳೆದುಹೋಗುತ್ತದೆ. ಕೈಯಿಂದ ಟಂಕಿಸುವಾಗ ಪೆಟ್ಟು ಒಂದು ಕಡೆ ಕಡಿಮೆಯಾದರೆ ಅದರ ಪರಿಣಾಮ ಎರಡು ಮುಖಗಳಲ್ಲೂ ಎದುರುಬದುರಾಗಿ ಕಾಣುವ ಸಂಭವ ಹೆಚ್ಚು. ಸವೆತಕ್ಕೆ ಅಂಥ ನಿಯಮವಿಲ್ಲ, ಅದು ಎರಡೂ ಕಡೆ ಎತ್ತರದ ಭಾಗಗಳನ್ನು ಹುಡುಕಿಕೊಂಡು ಹೋಗುತ್ತದೆ. ಆದರೆ ಪುಟದ ಅಂದಕ್ಕಾಗಿ ಆನೆಯನ್ನೂ ಬರಹವನ್ನೂ ಪ್ರತ್ಯೇಕವಾಗಿ ನೆಟ್ಟಗೆ ನಿಲ್ಲಿಸಿ ಮುದ್ರಿಸುತ್ತೇವೆ. ಎರಡು ಅಚ್ಚುಗಳ ನಡುವಿನ ಕೋನ ನಾಣ್ಯದಿಂದ ನಾಣ್ಯಕ್ಕೆ ಬೇರೆಯಾಗಿರುವಲ್ಲಿ, ಒಂದು ಮುಖದ ಯಾವ ಜಾಗದ ಹಿಂದೆ ಇನ್ನೊಂದು ಮುಖದ ಯಾವ ಜಾಗ ಇದೆ ಎಂದು ಆಮೇಲೆ ಹೇಳಲಾಗದು. ನಾಣ್ಯವನ್ನು ಪುಸ್ತಕದ ಹಾಳೆಯಂತೆ ಮಗುಚಿ, ತಿರುಗಿಸದೆ ತೆಗೆದ ಒಂದು ಜೋಡಿ ಚಿತ್ರ ಕಡತದಲ್ಲಿದ್ದರೆ ಸಾಕು. ಮಟ್ಟದ ವಿಷಯವೂ ಹಾಗೆಯೇ. ನಾಣ್ಯದ ನಿಜ ಗಾತ್ರವೇ ಸೆನ್ಸರಿನ ಮೇಲೆ ಮೂಡುವಂತೆ f/8ರಲ್ಲಿ ತೆಗೆದಾಗ ಸ್ಪಷ್ಟವಾಗಿ ಸಿಗುವ ಆಳ ಹೆಚ್ಚೆಂದರೆ 1 ಮಿ.ಮೀ. 24 ಮಿ.ಮೀ. ಅಗಲದ ಪೈಸೆ 3 ಡಿಗ್ರಿ ವಾಲಿದರೂ ಎರಡು ಅಂಚುಗಳ ನಡುವೆ ಸುಮಾರು 1.25 ಮಿ.ಮೀ. ವ್ಯತ್ಯಾಸ. ಮಸುಕಾದ ಅಂಚನ್ನು ಓದುಗ ಸವೆದ ಅಂಚೆಂದೇ ಓದುತ್ತಾನೆ.

ಓರೆ ಬೆಳಕು ಸತ್ಯವನ್ನು ಹಿಗ್ಗಿಸುತ್ತದೆ, ಸವೆದ ನಾಣ್ಯವನ್ನೂ ಗಡುಸಾಗಿ ತೋರಿಸುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು. ಮಾರಾಟದ ಚಿತ್ರಗಳನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಸಮನಾದ ಬೆಳಕು ನಿಷ್ಪಕ್ಷಪಾತಿ ಎಂಬುದು ಭ್ರಮೆ. ಅದು ಹಿಗ್ಗಿಸುವ ಬದಲು ಅಳಿಸುತ್ತದೆ, ಅಷ್ಟೆ. ಹಿಂದಿನ ಬ್ರಿಟಿಷ್ ಮ್ಯೂಸಿಯಂ ಕ್ಯಾಟಲಾಗುಗಳು ನಾಣ್ಯದ ಬದಲು ಅದರ ಪ್ಲಾಸ್ಟರ್ ಪಡಿಯಚ್ಚನ್ನು ಚಿತ್ರಿಸಿ ಹೊಳಪಿನ ಕಾಟ ತಪ್ಪಿಸಿಕೊಂಡವು. ಆಕಾರ ಉಳಿಯಿತು, ಲೋಹದ ಮೈಯ ಬಣ್ಣ ಹೋಯಿತು. ಹೀಗೆ ಪ್ರತಿ ವಿಧಾನವೂ ಏನನ್ನೋ ಬಿಡುವುದರಿಂದಲೇ ಬೆಳಕಿನ ಕೋನವನ್ನು ತೂಕ, ವ್ಯಾಸಗಳ ಜೊತೆಗೆ ಬರೆದಿಡಬೇಕು. ಸಾವಿರಾರು ನಾಣ್ಯಗಳಿರುವ ಸಂಗ್ರಹಾಲಯಕ್ಕೆ ಇದು ಹೊರೆ ಎನ್ನುವವರೂ ಇದ್ದಾರೆ. 2001ರಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮುಂದಿಟ್ಟ, ಹತ್ತಾರು ದಿಕ್ಕಿನ ಬೆಳಕಿನ ಚಿತ್ರಗಳನ್ನು ಗಣಕದಲ್ಲಿ ಕೂಡಿಸುವ ತಂತ್ರವನ್ನು ಪ್ರತಿ ಪೈಸೆಗೂ ಬಳಸಿ ಎಂದು ಯಾರೂ ಕೇಳುತ್ತಿಲ್ಲ. ಸ್ಟ್ಯಾಂಡಿನಲ್ಲಿ ಕ್ಯಾಮೆರಾ ನಿಂತ ಮೇಲೆ ದೀಪ ಸರಿಸಿ ಇನ್ನೊಮ್ಮೆ ಕ್ಲಿಕ್ಕಿಸಲು ಹೆಚ್ಚು ಹೊತ್ತು ಬೇಡ. ನಾಣ್ಯವನ್ನು ಕೈಯಲ್ಲಿ ಹಿಡಿದೇ ಸ್ಥಿತಿ ಹೇಳಬೇಕೆಂಬ ಹಳೆಯ ಸಂಗ್ರಾಹಕರ ಪಟ್ಟಿನಲ್ಲಿ ಹುರುಳಿದೆ, ಏಕೆಂದರೆ ಕೈಯಲ್ಲಿ ಹಿಡಿದವರು ಅದನ್ನು ಕಿಟಕಿಯ ಬೆಳಕಿಗೆ ಆ ಕಡೆ ಈ ಕಡೆ ವಾಲಿಸಿಯೇ ನೋಡುತ್ತಾರೆ. ಎರಡು ದಿಕ್ಕಿನ ಚಿತ್ರ ಆ ವಾಲಿಸುವಿಕೆಯ ಅಲ್ಪಾಂಶವನ್ನಾದರೂ ದೂರದ ಓದುಗನಿಗೆ ಒದಗಿಸುತ್ತದೆ. ಅಂಚಿನ ಬಿರುಕು, ಬೆಸುಗೆಯ ಕುರುಹುಗಳಿಗೆ ಮಾತ್ರ ನಾಣ್ಯವನ್ನು ನಿಲ್ಲಿಸಿ ಮೂರನೆಯ ಚಿತ್ರವನ್ನೇ ತೆಗೆಯಬೇಕು.