ವಂತಿಗೆ ಕಟ್ಟುವವರ ಮತ

ಅಮೆರಿಕದಲ್ಲಿ ಹತ್ತಿ, ಆಲೂಗಡ್ಡೆ, ಮೊಟ್ಟೆ, ಹಂದಿಮಾಂಸ, ಮಾವು ಮುಂತಾದ ಸರಕುಗಳ ಮೇಲೆ ‘ಚೆಕ್‌ಆಫ್’ ಎಂಬ ಕಡ್ಡಾಯ ವಂತಿಗೆ ಇದೆ. ಈ ಹಣ ಆಯಾ ಬೆಳೆಯ ಪ್ರಚಾರ ಮತ್ತು ಸಂಶೋಧನೆಗೆ ಮೀಸಲು. ಕೊಡುವವರ ಒಪ್ಪಿಗೆ ಇದ್ದರೆ ಮಾತ್ರ ಇಂಥ ವಸೂಲಿ ನ್ಯಾಯ ಎನಿಸಿಕೊಳ್ಳುತ್ತದೆ. ಆ ಒಪ್ಪಿಗೆ ಪಡೆಯುವ ದಾರಿಯೇ ಮತದಾನ.

ಇದರ ಬೇರು 1937ರ ಕೃಷಿ ಮಾರುಕಟ್ಟೆ ಒಪ್ಪಂದ ಕಾಯ್ದೆಯಲ್ಲಿದೆ. ಮಾರುಕಟ್ಟೆ ಆದೇಶ ಜಾರಿಯಾಗಲು ಮೂರನೇ ಎರಡರಷ್ಟು ಬೆಳೆಗಾರರ ಸಮ್ಮತಿ ಬೇಕೆಂಬ ತತ್ವ ಅಲ್ಲಿ ಗಟ್ಟಿಯಾಯಿತು. 1966ರಲ್ಲಿ ಹತ್ತಿಯ ಪ್ರತಿ ಬೇಲ್‌ಗೆ ಒಂದು ಡಾಲರಿನ ವಂತಿಗೆ ಬಂತು. ಬೇಡವೆಂದವರು ಅದನ್ನು ವಾಪಸು ಪಡೆಯಬಹುದಿತ್ತು. 1990ರ ತಿದ್ದುಪಡಿ ಈ ಅವಕಾಶ ತೆಗೆದುಹಾಕಿ, ಆಮದುದಾರರನ್ನೂ ಒಳಗೆ ಸೇರಿಸಿತು. ಮರುವರ್ಷ ಬೆಳೆಗಾರರೂ ಆಮದುದಾರರೂ ಮತ ಹಾಕಿ ಅದನ್ನು ಒಪ್ಪಿದರು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿದ ಹತ್ತಿ ಅಂಗಿ ಅಲ್ಲಿನ ಬಂದರಿಗೆ ಬಂದಿಳಿದರೆ, ತರಿಸಿಕೊಂಡ ವ್ಯಾಪಾರಿ ಸಾಮಾನ್ಯವಾಗಿ ಅದರಲ್ಲಿನ ಹತ್ತಿಯ ತೂಕಕ್ಕೆ ವಂತಿಗೆ ಕಟ್ಟಬೇಕು. ಕಟ್ಟುವವನಿಗೆ ಮತವೂ ಉಂಟು.

1996ರ ಸಾಮಾನ್ಯ ಕಾಯ್ದೆ ಹೊಸ ಯೋಜನೆಗಳಿಗೆ ಚೌಕಟ್ಟು ಹಾಕಿತು. ಕನಿಷ್ಠ ಏಳು ವರ್ಷಕ್ಕೊಮ್ಮೆ ಮತದಾನ ನಡೆಯಬೇಕು. ಅರ್ಹರಲ್ಲಿ ನೂರಕ್ಕೆ ಹತ್ತು ಮಂದಿ ಕೇಳಿದರೂ ನಡೆಸಬೇಕು. ಎಣಿಕೆಯಲ್ಲಿ ಮಾತ್ರ ಹಲವು ದಾರಿಗಳಿವೆ: ತಲೆ ಎಣಿಸಬಹುದು, ಸರಕಿನ ಪ್ರಮಾಣ ಅಳೆಯಬಹುದು, ಎರಡನ್ನೂ ಕೇಳಬಹುದು. ಸಣ್ಣ ಹಿಡುವಳಿಯವನ ಮತಕ್ಕೆ ಎಷ್ಟು ತೂಕ ಎಂಬುದು ಈ ಆಯ್ಕೆಯಲ್ಲೇ ನಿರ್ಧಾರವಾಗುತ್ತದೆ. ಇನ್ನು ಮಾವಿನ ವಿಷಯ: ಅಮೆರಿಕದಲ್ಲಿ ತಿನ್ನುವ ಮಾವು ಬಹುಪಾಲು ಹೊರಗಿನದು. ಆದ್ದರಿಂದ ಅಲ್ಲಿ ಆಮದುದಾರರ ಮತವೇ ನಿರ್ಣಾಯಕ.

ಎಲ್ಲ ತೀರ್ಪುಗಳಿಗೂ ಒಂದೇ ಗೌರವ ಸಿಗಲಿಲ್ಲ. 1997ರಲ್ಲಿ ಹೂವಿನ ವ್ಯಾಪಾರಿಗಳು ಬೇಡವೆಂದರು, ಯೋಜನೆ ನಿಂತಿತು. 2000ದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಹಂದಿ ಸಾಕಣೆದಾರರು ಮತ ಹಾಕಿದರು. ನೂರಕ್ಕೆ ಸುಮಾರು 53 ಮಂದಿ ರದ್ದಾಗಲಿ ಎಂದರು. 2001ರ ಜನವರಿಯಲ್ಲಿ ಕೃಷಿ ಕಾರ್ಯದರ್ಶಿ ಡಾನ್ ಗ್ಲಿಕ್‌ಮನ್ ರದ್ದತಿ ಘೋಷಿಸಿದರು. ಉದ್ಯಮದ ಸಂಘಟನೆ ಕೋರ್ಟಿಗೆ ಹೋಯಿತು. ಫೆಬ್ರವರಿಯಲ್ಲಿ ಹೊಸ ಕಾರ್ಯದರ್ಶಿ ಆನ್ ವೆನೆಮನ್ ರಾಜಿ ಮಾಡಿಕೊಂಡರು, ವಸೂಲಿ ಮುಂದುವರಿಯಿತು. ಮತ ಹಾಕಿದ ಸಣ್ಣ ಸಾಕಣೆದಾರರಿಗೆ ಇದು ದೊಡ್ಡ ಅನ್ಯಾಯ.

ಅದೇ 2001ರಲ್ಲಿ ಸುಪ್ರೀಂ ಕೋರ್ಟ್ ಅಣಬೆಯ ಪ್ರಚಾರ ವಂತಿಗೆ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದಿತು. 2005ರಲ್ಲಿ ದನದ ಮಾಂಸದ ಪ್ರಚಾರ ಸರ್ಕಾರದ್ದೇ ಮಾತು ಎಂದು ಹೇಳಿ ಆ ವಂತಿಗೆಯನ್ನು ಎತ್ತಿಹಿಡಿಯಿತು. ಹೀಗೆ ಕೋರ್ಟಿನ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಒಲ್ಲದವನ ಕೈಯಲ್ಲಿ ಉಳಿದಿರುವ ಮುಖ್ಯ ಅಸ್ತ್ರ ಮತವೊಂದೇ. ಅದನ್ನು ಕಾಲಕಾಲಕ್ಕೆ ಕೇಳಬೇಕು, ಬಂದ ತೀರ್ಪಿಗೆ ತಲೆಬಾಗಬೇಕು. ಇಲ್ಲದಿದ್ದರೆ ವಂತಿಗೆ ಎಂಬುದು ಬೆಳೆಗಾರನ ಮೇಲೆ ಹೇರಿದ ಇನ್ನೊಂದು ತೆರಿಗೆಯಾಗುತ್ತದೆ.